ಹೊಲಿದವರ ಕೂಲಿ

ಧ್ಯಾನಕ್ಕಾಗಿ ಓದತಕ್ಕ ಭಾಗಗಳು: ಧರ್ಮೋಪದೇಶಕಾಂಡ ೨೪:೧೦–೧೫, ಯಾಕೋಬನ ಪತ್ರಿಕೆ ೫:೧–೬, ಅಪೊಸ್ತಲರ ಕೃತ್ಯಗಳು ೯:೩೬–೪೨



ಯೊಪ್ಪ ಎಂಬ ಸಮುದ್ರತೀರದ ಪಟ್ಟಣದಲ್ಲಿ ತಬಿಥಾ ಎಂಬ ಶಿಷ್ಯಳು ರೋಗದಲ್ಲಿ ಬಿದ್ದು ತೀರಿಹೋದಾಗ, ಅವಳನ್ನು ಮಲಗಿಸಿದ್ದ ಮೇಲಂತಸ್ತಿನಲ್ಲಿ ಕೂಡಿಬಂದ ವಿಧವೆಯರು ಏನು ಮಾಡಿದರೆಂಬದನ್ನು ನೀವು ಬಲ್ಲಿರಿ. ಪೇತ್ರನು ಒಳಗೆ ಬಂದಾಗ ಅವರು ಅವಳ ಗುಣಗಳನ್ನು ದೊಡ್ಡ ಮಾತುಗಳಿಂದ ವರ್ಣಿಸಲಿಲ್ಲ. ಅವಳು ಬದುಕಿದ್ದಾಗ ಹೊಲಿದುಕೊಟ್ಟಿದ್ದ ಉಡುಪುಗಳನ್ನು ಅವನ ಮುಂದೆ ತೋರಿಸಿ ಅತ್ತರು. ಆ ಬಡ ಸ್ತ್ರೀಯರಿಗೆ ತಾವು ಉಟ್ಟ ಬಟ್ಟೆಯನ್ನು ಹೊಲಿದ ಕೈ ಯಾರದೆಂದು ತಿಳಿದಿತ್ತು. ಆ ಕೈ ತಣ್ಣಗಾದಾಗ ಅವರು ಸುಮ್ಮನಿರಲಾರದೆ ಹೋದರು.

ಈ ಹೊತ್ತು ನಾವು ಉಟ್ಟುಕೊಂಡಿರುವ ಅಂಗಿಯನ್ನು ಹೊಲಿದವರು ಯಾರು? ನಮ್ಮ ಮಕ್ಕಳು ಹಬ್ಬಕ್ಕಾಗಿ ಪೇಟೆಯಿಂದ ತಂದ ಉಡುಪನ್ನು ಕತ್ತರಿಸಿದವರು, ಅದಕ್ಕೆ ಗುಂಡಿ ಹಚ್ಚಿದವರು, ಇಸ್ತ್ರಿ ಮಾಡಿ ಮಡಿಚಿದವರು ಯಾರು? ಕೊರಳಿನ ಹಿಂದೆ ಒಂದು ಚಿಕ್ಕ ಪಟ್ಟಿಯಲ್ಲಿ ಕಂಪನಿಯ ಹೆಸರೂ ದೇಶದ ಹೆಸರೂ ಇರುತ್ತವೆ. ಹೊಲಿದವಳ ಹೆಸರು ಇರುವದಿಲ್ಲ. ಅವಳು ಸತ್ತರೂ ನಮಗೆ ತಿಳಿಯದು, ಹಸಿದರೂ ತಿಳಿಯದು, ಅವಳ ಕೂಲಿಯನ್ನು ಯಾರಾದರೂ ತಡೆದಿಟ್ಟುಕೊಂಡರೂ ತಿಳಿಯದು. ನಮಗೆ ತಿಳಿಯದಿರುವದು ದೇವರಿಗೆ ತಿಳಿದದೆ ಎಂಬದೇ ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯದ ಸಾರವಾಗಿದೆ. ತಡೆಹಿಡಿಯಲ್ಪಟ್ಟ ಕೂಲಿಗೆ ಬಾಯಿ ಉಂಟೆಂದೂ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಯನ್ನು ಮುಟ್ಟುವದೆಂದೂ ಅಪೊಸ್ತಲನು ಅಲ್ಲಿ ಬರೆದಿದ್ದಾನೆ. ಈ ತಿಂಗಳು ನಾವು ನಿಮ್ಮೊಡನೆ ಆ ಕೂಗನ್ನು ಕುರಿತು ಮಾತಾಡಬೇಕೆಂದಿದ್ದೇವೆ.

೧. ಈ ವ್ಯಾಪಾರವು ನಡೆಯುವ ರೀತಿ

ಪೂರ್ವದಲ್ಲಿ ಒಂದು ಮಾದರಿಯ ಉಡುಪು ವರುಷಗಟ್ಟಲೆ ನಡೆಯುತ್ತಿತ್ತು. ಈಗಲಾದರೋ ಯೂರೋಪು ಅಮೇರಿಕಾ ದೇಶಗಳ ದೊಡ್ಡ ಕಂಪನಿಗಳು ಕೆಲವು ವಾರಗಳಿಗೊಮ್ಮೆ ಹೊಸ ಮಾದರಿಗಳನ್ನು ಅಂಗಡಿಗೆ ತಂದು, ಅಗ್ಗವಾಗಿ ಮಾರಿ, ಜನರು ನಾಲ್ಕಾರು ಸಲ ಉಟ್ಟು ಬಿಸಾಡುವಂತೆ ಮಾಡಿವೆ. ಈ ಕಂಪನಿಗಳಲ್ಲಿ ಹೆಚ್ಚಿನವುಗಳಿಗೆ ಸ್ವಂತ ಹೊಲಿಗೆಯ ಕಾರ್ಖಾನೆಗಳಿಲ್ಲ. ಅವು ಬಂಗ್ಲಾದೇಶ, ಕಾಂಬೋಡಿಯಾ, ವಿಯೆಟ್ನಾಂ, ನಮ್ಮ ಹಿಂದೂದೇಶ ಇವೇ ಮೊದಲಾದ ದೇಶಗಳ ಕಾರ್ಖಾನೆದಾರರಿಗೆ ಆರ್ಡರು ಕೊಡುತ್ತವೆ. ಕಾರ್ಖಾನೆದಾರನು ತನ್ನ ಹಣದಿಂದಲೋ ಬ್ಯಾಂಕಿನ ಸಾಲದಿಂದಲೋ ಅರಿವೆ, ನೂಲು, ಗುಂಡಿಗಳನ್ನು ಕೊಳ್ಳಬೇಕು. ಕೆಲಸದವರಿಗೆ ಸಂಬಳ ಕೊಟ್ಟು ಹೊಲಿಸಬೇಕು. ಮಾಲನ್ನು ಹಡಗಿಗೆ ಏರಿಸಬೇಕು. ಕಂಪನಿಯು ಹಣ ಕೊಡುವದು ಮಾಲು ಹೊರಟ ಮೇಲೆ. ಅನೇಕ ಸಾರಿ ಎರಡು ಮೂರು ತಿಂಗಳುಗಳ ನಂತರ.

ಇದನ್ನು ನಮ್ಮ ಊರಿನ ಮಾತಿನಲ್ಲಿ ಹೇಳುವದಾದರೆ, ಧನಿಯು ಬೀಜಕ್ಕೆ ಹಣ ಕೊಡುವದಿಲ್ಲ, ಉಳುಮೆಗೆ ಕೊಡುವದಿಲ್ಲ, ಕಳೆ ಕೀಳುವದಕ್ಕೂ ಕೊಡುವದಿಲ್ಲ. ಧಾನ್ಯವು ತನ್ನ ಕಣಜಕ್ಕೆ ಬಂದು ಬಿದ್ದ ಮೇಲೆ ಮಾತ್ರ ಲೆಕ್ಕ ನೋಡುತ್ತಾನೆ. ಮಳೆ ಚೆನ್ನಾಗಿರುವ ವರುಷಗಳಲ್ಲಿ ಈ ಏರ್ಪಾಡಿನ ಕೇಡು ಯಾರ ಕಣ್ಣಿಗೂ ಬೀಳುವದಿಲ್ಲ. ಬರಗಾಲ ಬಂದಾಗ ನಷ್ಟವು ಯಾರ ತಲೆಯ ಮೇಲೆ ಬೀಳಬೇಕೆಂದು ಮೊದಲೇ ಗೊತ್ತುಮಾಡಿಟ್ಟ ಹಾಗಿರುತ್ತದೆ.

೨. ಸಂಕಟವು ಬಂದ ದಿನ

೨೦೨೦ನೆಯ ವರುಷದ ಆರಂಭದಲ್ಲಿ ಕೊರೋನಾ ವ್ಯಾಧಿಯು ಲೋಕದಲ್ಲೆಲ್ಲಾ ಹಬ್ಬಿದ್ದನ್ನು ನಾವು ಯಾರೂ ಮರೆತಿಲ್ಲ. ಮಾರ್ಚಿ ತಿಂಗಳಲ್ಲಿ ಯೂರೋಪು ಅಮೇರಿಕಾ ದೇಶಗಳ ಉಡುಪಿನ ಅಂಗಡಿಗಳು ಮುಚ್ಚಲ್ಪಟ್ಟವು. ಆಗ ಆ ದೊಡ್ಡ ಕಂಪನಿಗಳಲ್ಲಿ ಅನೇಕವು ತಮ್ಮ ಆರ್ಡರುಗಳನ್ನು ರದ್ದುಮಾಡಿದವು. ಇನ್ನು ಮುಂದೆ ಹೊಲಿಯಬೇಕಾದದ್ದನ್ನು ಮಾತ್ರವಲ್ಲ, ಆಗಲೇ ಕತ್ತರಿಸಿದ್ದನ್ನೂ, ಹೊಲಿದು ಮುಗಿಸಿ ಪೆಟ್ಟಿಗೆಗಳಲ್ಲಿ ತುಂಬಿಸಿಟ್ಟದ್ದನ್ನೂ ಬೇಡವೆಂದವು.

ಬಂಗ್ಲಾದೇಶದಲ್ಲಿ ಆ ಕಾಲಕ್ಕೆ ಸುಮಾರು ೪೦ ಲಕ್ಷ ಮಂದಿ ಈ ಕೆಲಸದಿಂದ ಹೊಟ್ಟೆಹೊರೆಯುತ್ತಿದ್ದರು. ಅವರಲ್ಲಿ ಹೆಚ್ಚು ಭಾಗ ಹಳ್ಳಿಗಳಿಂದ ಬಂದ ಸ್ತ್ರೀಯರು. ಅವರ ಕನಿಷ್ಠ ಸಂಬಳವು ತಿಂಗಳಿಗೆ ೮೦೦೦ ಟಾಕಾ ಮಾತ್ರ. (೨೦೨೩ರ ಡಿಸೆಂಬರಿನಿಂದ ಅದು ೧೨,೫೦೦ ಟಾಕಾ ಆಯಿತು.) ಅಲ್ಲಿನ ಕಾರ್ಖಾನೆದಾರರ ಸಂಘವು ಕೊಟ್ಟ ಲೆಕ್ಕದ ಪ್ರಕಾರ ೧೧೦೦ಕ್ಕಿಂತ ಹೆಚ್ಚು ಕಾರ್ಖಾನೆಗಳಲ್ಲಿ ೩೦೦ ಕೋಟಿ ಡಾಲರುಗಳಿಗೆ ಮೀರಿದ ಆರ್ಡರುಗಳು ರದ್ದಾದವು ಇಲ್ಲವೆ ತಡೆಯಲ್ಪಟ್ಟವು, ೨೨ ಲಕ್ಷ ಕೆಲಸದವರಿಗೆ ಅದರ ಪೆಟ್ಟು ತಗಲಿತು. ಅಮೇರಿಕಾ ದೇಶದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಮಾರ್ಕ್ ಆನರ್ ಎಂಬ ಪಂಡಿತರು ಅದೇ ಮಾರ್ಚಿ ತಿಂಗಳಲ್ಲಿ ಬಂಗ್ಲಾದೇಶದ ೩೧೬ ಕಾರ್ಖಾನೆದಾರರನ್ನು ವಿಚಾರಿಸಿ ನೋಡಿದರು. ಆರ್ಡರು ರದ್ದುಮಾಡಿದ ಕೊಳ್ಳುವವರಲ್ಲಿ ನೂರಕ್ಕೆ ೭೨ ಮಂದಿ, ತಮಗೋಸ್ಕರ ಆಗಲೇ ಕೊಂಡಿಟ್ಟ ಅರಿವೆಯ ಹಣವನ್ನೂ ಕೊಡಲು ಒಪ್ಪಲಿಲ್ಲ. ನೂರಕ್ಕೆ ೯೧ ಮಂದಿ ಕತ್ತರಿಸಿ ಹೊಲಿದ ಖರ್ಚನ್ನು ಕೊಡಲು ಒಪ್ಪಲಿಲ್ಲ. ೧೦ ಲಕ್ಷಕ್ಕಿಂತ ಹೆಚ್ಚು ಮಂದಿ ಆ ಹೊತ್ತಿಗೆ ಕೆಲಸದಿಂದ ತೆಗೆಯಲ್ಪಟ್ಟಿದ್ದರು, ಇಲ್ಲವೆ ಮನೆಗೆ ಕಳುಹಿಸಲ್ಪಟ್ಟಿದ್ದರು.

ಬಂಗ್ಲಾದೇಶದ ಸರಕಾರವು ಸಂಬಳ ಕೊಡುವದಕ್ಕೋಸ್ಕರ ಕಾರ್ಖಾನೆದಾರರಿಗೆ ೫೦೦೦ ಕೋಟಿ ಟಾಕಾ ಸಾಲವನ್ನು ಗೊತ್ತುಮಾಡಿತು. ಆದರೂ ಏಪ್ರಿಲ್ ತಿಂಗಳ ಮೊದಲಲ್ಲಿ, ಕಾರ್ಖಾನೆಗಳು ತೆರೆಯುವವೆಂಬ ಮಾತನ್ನು ನಂಬಿ, ಬಸ್ಸು ರೈಲು ಒಂದೂ ಇಲ್ಲದ ಕಾಲದಲ್ಲಿ, ಸಾವಿರಾರು ಮಂದಿ ಮೈಮನ್‌ಸಿಂಗ್ ಮುಂತಾದ ಕಡೆಗಳಿಂದ ಢಾಕಾ ಪಟ್ಟಣದ ತನಕ ಹೆದ್ದಾರಿ ಹಿಡಿದು ನಡೆದರು. ಹೋಗದಿದ್ದರೆ ಕೆಲಸ ಹೋದೀತು, ಬಾಕಿ ಸಂಬಳ ಮುಳುಗೀತು ಎಂಬ ಭಯ. ಬಂದು ಮುಟ್ಟುವಷ್ಟರಲ್ಲಿ, ಮುಚ್ಚುಗಡೆಯು ಮುಂದುವರಿಯಿತು, ತಿರಿಗಿ ಹೋಗಿರಿ, ಎಂಬ ಮಾತು ಬಂತು. ರೋಗದ ಭಯಕ್ಕಿಂತ ಸಂಬಳದ ಭಯವು ಅವರಿಗೆ ದೊಡ್ಡದಾಗಿತ್ತು.

ಪ್ರಿಯರೇ, ಸಂಬಳದ ಭಯವು ಮನುಷ್ಯರನ್ನು ಎಲ್ಲಿಗೆ ತಳ್ಳುವದೆಂಬದಕ್ಕೆ ಅದೇ ದೇಶದಲ್ಲಿ ಮೊದಲೇ ಒಂದು ಸಾಕ್ಷಿ ಉಂಟು. ಢಾಕಾ ಪಟ್ಟಣದ ಬಳಿಯಲ್ಲಿರುವ ಸಾವಾರ್ ಎಂಬಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡದ ಗೋಡೆಗಳು ಬಿರಿದದ್ದನ್ನು ೨೦೧೩ರ ಏಪ್ರಿಲ್ ೨೩ರಂದು ಎಲ್ಲರೂ ಕಂಡರು. ಕೆಳಗಿನ ಬ್ಯಾಂಕಿನವರು ತಮ್ಮ ಜನರನ್ನು ಕಳುಹಿಸಿಬಿಟ್ಟರು. ಮೇಲಿನ ಅಂತಸ್ತುಗಳ ಹೊಲಿಗೆಯವರಿಗಾದರೋ ಮರುದಿನ ಕೆಲಸಕ್ಕೆ ಬಾರದಿದ್ದರೆ ಸಂಬಳವಿಲ್ಲವೆಂದು ಹೇಳಲಾಯಿತು. ಮರುದಿನ ಬೆಳಿಗ್ಗೆ ಆ ಕಟ್ಟಡವು ಕುಸಿದು ೧೧೩೪ ಮಂದಿ ಸತ್ತರು. ಅಂದು ಕಲ್ಲು ಬಿದ್ದು ಸತ್ತರು. ೨೦೨೦ರಲ್ಲಿ ಕಲ್ಲು ಬೀಳಲಿಲ್ಲ, ಒಂದು ಕಾಗದವು ಬಂತು. ಅದರ ಭಾರವೂ ಅದೇ ಬಡವರ ಮೇಲೆಯೇ ಬಿತ್ತು.

೩. ನಮ್ಮ ನಾಡಿನಲ್ಲಿ

ಇದೆಲ್ಲಾ ದೂರದೇಶದ ಸಂಗತಿಯೆಂದು ಯಾರೂ ನೆನಸಬಾರದು. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ ಇವುಗಳ ಕಾರ್ಖಾನೆಗಳಲ್ಲಿಯೂ, ರಾಮನಗರ, ಮಂಡ್ಯ, ಮೈಸೂರು, ತುಮಕೂರು ಸೀಮೆಗಳಲ್ಲಿಯೂ ನಮ್ಮ ಹೆಣ್ಣುಮಕ್ಕಳು ಲಕ್ಷಗಟ್ಟಲೆಯಾಗಿ ದುಡಿಯುತ್ತಾರೆ. ನಮ್ಮ ಚಿಕ್ಕ ಸಭೆಗಳಲ್ಲಿ ಸಹ, ಮಗಳು ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಎಂದು ಹೇಳುವ ಮನೆಗಳು ಎಷ್ಟೋ ಇವೆ.

೨೦೨೦ರ ಜೂನ್ ತಿಂಗಳಲ್ಲಿ ಶ್ರೀರಂಗಪಟ್ಟಣದ ಒಂದು ಕಾರ್ಖಾನೆಯವರು, ವ್ಯಾಧಿಯ ನಿಮಿತ್ತ ಆರ್ಡರುಗಳಿಲ್ಲವೆಂದು ಹೇಳಿ ಯಂತ್ರಗಳನ್ನು ಹೊರಗೆ ಸಾಗಿಸತೊಡಗಿದರು. ಅಲ್ಲಿ ಕೆಲಸ ಮಾಡುತ್ತಿದ್ದವರು ಸುಮಾರು ೧೨೦೦ ಮಂದಿ, ಬಹುತೇಕ ಸ್ತ್ರೀಯರು. ಅವರು ಕಾರ್ಖಾನೆಯಲ್ಲಿಯೇ ಕೂತು ವಾರಗಟ್ಟಲೆ ನ್ಯಾಯ ಬೇಡಿದರು. ಮುಂದಿನ ವರುಷದಲ್ಲಿ ಅವರ ಸಂಘಕ್ಕೂ ಕಂಪನಿಗೂ ಒಂದು ಒಡಂಬಡಿಕೆಯಾಗಿ, ಕೆಲಸ ಕಳಕೊಂಡವರನ್ನು ಪುನಃ ತೆಗೆದುಕೊಳ್ಳುವ ಮಾತಾಯಿತು.

ಇನ್ನೊಂದು ಸಂಗತಿ ಇದಕ್ಕಿಂತಲೂ ಚಿಕ್ಕದಾಗಿ ಕಾಣುವದು. ಆದರೆ ಅದನ್ನು ತೂಗಿ ನೋಡಿರಿ. ಬೆಲೆಗಳು ಏರಿದ ಹಾಗೆ ಕೆಲಸದವರ ಕನಿಷ್ಠ ಸಂಬಳಕ್ಕೆ ತುಟ್ಟಿಭತ್ಯವನ್ನು ಕೂಡಿಸಬೇಕೆಂದು ನಮ್ಮ ರಾಜ್ಯದಲ್ಲಿ ಕಟ್ಟಳೆ ಉಂಟು. ೨೦೨೦ರ ಏಪ್ರಿಲಿನಿಂದ ಸಲ್ಲಬೇಕಾಗಿದ್ದ ಹೆಚ್ಚಳವು ತಿಂಗಳಿಗೆ ಸುಮಾರು ೪೧೭ ರೂಪಾಯಿ. ದುಡಿದ ದಿನವೊಂದಕ್ಕೆ ೧೬ ರೂಪಾಯಿ. ವ್ಯಾಧಿಯ ಕಷ್ಟವನ್ನು ಹೇಳಿ ಸರಕಾರವು ಅದನ್ನು ಮುಂದಕ್ಕೆ ಹಾಕಿತು. ಅದೇ ವರುಷದ ಸೆಪ್ಟೆಂಬರಿನಲ್ಲಿ ಹೈಕೋರ್ಟು ಆ ಆಜ್ಞೆಯನ್ನು ತಡೆಯಿತು. ಆದಾಗ್ಯೂ ಬಹು ಕಾರ್ಖಾನೆಗಳು ಒಂದೂವರೆ ವರುಷಕ್ಕಿಂತ ಹೆಚ್ಚು ಕಾಲ ಅದನ್ನು ಕೊಡಲಿಲ್ಲ. ಹೀಗೆ ಕೂಲಿ ತಪ್ಪಿದವರು ೪ ಲಕ್ಷಕ್ಕಿಂತ ಹೆಚ್ಚು ಮಂದಿ. ಈ ಸಂಗತಿ ಲೋಕಕ್ಕೆ ತಿಳಿದ ಮೇಲೆಯೇ, ೨೦೨೨ರಲ್ಲಿ, ದೊಡ್ಡ ಕಾರ್ಖಾನೆದಾರರು ಬಾಕಿಯನ್ನು ಕೊಡತೊಡಗಿದರು.

ದಿನಕ್ಕೆ ೧೬ ರೂಪಾಯಿ ಎಂದರೆ ಏನು ಮಹಾ ಎಂದು ಯಾರಾದರೂ ಕೇಳಿಯಾರು. ಇಪ್ಪತ್ತು ತಿಂಗಳಿಗೆ ಅದು ೮೦೦೦ ರೂಪಾಯಿಗೆ ಮೀರುತ್ತದೆ. ಬಡವಳ ಮನೆಯಲ್ಲಿ ಅದು ಮಗುವಿನ ಶಾಲೆಯ ಫೀಸು, ಅತ್ತೆಯ ಔಷಧ, ಮನೆಯ ಬಾಡಿಗೆ. ಧರ್ಮೋಪದೇಶಕಾಂಡದಲ್ಲಿ ಮೋಶೆಯು ಬಡ ಕೂಲಿಯವನ ವಿಷಯವಾಗಿ ಹೇಳುವಾಗ, ಹಣವು ಎಷ್ಟು ದೊಡ್ಡದೆಂದು ಎಣಿಸುವದಿಲ್ಲ; ಅವನ ಜೀವವು ಅದರ ಮೇಲೆ ಎಷ್ಟು ನೆಟ್ಟಿದೆ ಎಂದು ನೋಡುತ್ತಾನೆ. ಆದಕಾರಣವೇ ಹೊತ್ತು ಮುಣುಗುವದರೊಳಗೆ ಕೂಲಿಯನ್ನು ಕೊಟ್ಟುಬಿಡಬೇಕೆಂದು ಅಪ್ಪಣೆಕೊಡುತ್ತಾನೆ. ಧನಿಯ ಪಾಲಿಗೆ ಒಂದು ದಿನದ ತಡ, ಕೂಲಿಯವನ ಪಾಲಿಗೆ ಒಂದು ರಾತ್ರಿಯ ಹಸಿವು.

೪. ದೇವರ ಹೆಸರನ್ನು ವ್ಯರ್ಥವಾಗಿ ಎತ್ತುವದು

ಆ ಕಂಪನಿಗಳವರು ಯಾವ ನ್ಯಾಯದಿಂದ ಹೀಗೆ ಮಾಡಿದರು? ದೊಡ್ಡ ವ್ಯಾಪಾರದ ಕರಾರುಪತ್ರಗಳಲ್ಲಿ, ಮನುಷ್ಯರ ಶಕ್ತಿಗೆ ಮೀರಿದ ಸಂಭವ ಉಂಟಾದರೆ ಮಾತು ನಡಿಸಬೇಕಾದ ಹೊಣೆ ಇಲ್ಲ, ಎಂಬ ಒಂದು ಕಲಮು ಇರುವದುಂಟು. ಭೂಕಂಪ, ಪ್ರವಾಹ, ಯುದ್ಧ ಮೊದಲಾದವುಗಳನ್ನು ಅದರಲ್ಲಿ ಸೇರಿಸುತ್ತಾರೆ. ಇಂಥವುಗಳಲ್ಲಿ ಕೆಲವಕ್ಕೆ ಇಂಗ್ಲಿಷರ ಕಾನೂನಿನ ಭಾಷೆಯಲ್ಲಿ ದೇವರ ಕೃತ್ಯ ಎಂದು ಹೆಸರು. ೨೦೨೦ರಲ್ಲಿ ಅನೇಕ ಕಂಪನಿಗಳು ವ್ಯಾಧಿಯನ್ನು ತೋರಿಸಿ ಈ ಕಲಮಿನ ಮರೆಯಲ್ಲಿ ಅಡಗಿಕೊಂಡವು.

ಪ್ರಿಯ ವಾಚಕರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ವ್ಯಾಧಿಯು ಬಂದದ್ದು ಮನುಷ್ಯರ ಕೈಯಲ್ಲಿರಲಿಲ್ಲ, ನಿಜ. ಅಂಗಡಿ ಮುಚ್ಚಿದ್ದರಿಂದ ಆ ಕಂಪನಿಗಳಿಗೂ ನಷ್ಟವಾಯಿತು, ಅದೂ ನಿಜ. ಕೆಲವು ದಿವಾಳಿಯೂ ಆದವು. ಆದರೆ ಆ ನಷ್ಟವನ್ನು ಯಾರು ಹೊರಬೇಕೆಂಬ ತೀರ್ಪನ್ನು ವ್ಯಾಧಿಯು ಮಾಡಲಿಲ್ಲ. ಕೊಠಡಿಯಲ್ಲಿ ಕೂತ ಮನುಷ್ಯರು ಮಾಡಿದರು. ವರುಷಗಟ್ಟಲೆ ಲಾಭ ಕೂಡಿಸಿದವರು ಒಂದು ಕಡೆ. ಒಂದು ತಿಂಗಳ ಸಂಬಳ ತಪ್ಪಿದರೆ ಒಲೆ ಆರುವವರು ಇನ್ನೊಂದು ಕಡೆ. ಬಲವಾದ ಹೆಗಲಿನಿಂದ ಭಾರವನ್ನು ಇಳಿಸಿ ಬಡ ಹೆಗಲಿನ ಮೇಲೆ ಇಟ್ಟು, ಇದು ದೈವಸಂಕಲ್ಪ, ಎಂದು ಹೇಳುವದು ದೇವರ ಹೆಸರನ್ನು ವ್ಯರ್ಥವಾಗಿ ಎತ್ತುವ ಪಾಪವಲ್ಲದೆ ಮತ್ತೇನು? ಯೆಹೂದದ ಅರಸನಾದ ಯೆಹೋಯಾಕೀಮನು ನೆರೆಯವರಿಂದ ಬಿಟ್ಟಿಯಾಗಿ ದುಡಿಸಿಕೊಂಡು ಅರಮನೆ ಕಟ್ಟಿಸಿದಾಗ, ಅವನಿಗೆ ಅಯ್ಯೋ ಎಂದು ಸಾರುವದಕ್ಕೆ ಯೆರೆಮೀಯನು ಕಳುಹಿಸಲ್ಪಟ್ಟನು (೨೨:೧೩). ದೇವರು ಕೂಲಿ ಕಸಿಯುವವರ ಪಕ್ಷದವನಲ್ಲ, ಕೂಲಿ ಕಳಕೊಂಡವರ ಪಕ್ಷದವನು.

ಲೂಕನ ಸುವಾರ್ತೆಯ ಹದಿನಾರನೆಯ ಅಧ್ಯಾಯದಲ್ಲಿ ನಮ್ಮ ಕರ್ತನು ಐಶ್ವರ್ಯವಂತನ ಕಥೆಯನ್ನು ಹೇಳುವಾಗ ಮೊದಲು ಅವನ ಊಟವನ್ನಲ್ಲ, ಅವನ ಉಡುಪನ್ನೇ ಹೆಸರಿಸುತ್ತಾನೆ: ಧೂಮ್ರವರ್ಣದ ವಸ್ತ್ರ, ನಾರುಮಡಿ. ಆ ಮನುಷ್ಯನು ಲಾಜರನನ್ನು ಹೊಡೆದನೆಂದು ಅಲ್ಲಿ ಬರೆದಿಲ್ಲ, ಬೈದನೆಂದೂ ಬರೆದಿಲ್ಲ. ಬಾಗಿಲ ಬಳಿಯಲ್ಲಿ ಬಿದ್ದಿದ್ದವನನ್ನು ಅವನು ಲೆಕ್ಕಕ್ಕೆ ತಕ್ಕೊಳ್ಳಲಿಲ್ಲ, ಅಷ್ಟೇ. ಈಗಿನ ಐಶ್ವರ್ಯವಂತನ ಬಾಗಿಲು ಒಂದು ಖಂಡದಲ್ಲಿದ್ದರೆ ಲಾಜರನು ಇನ್ನೊಂದು ಖಂಡದಲ್ಲಿದ್ದಾನೆ. ಅವರ ನಡುವೆ ಸಮುದ್ರವುಂಟು, ಏಜೆಂಟರುಂಟು, ಕರಾರುಪತ್ರಗಳುಂಟು. ಆದರೆ ದೇವರ ಮುಂದೆ ದೂರವೆಂಬದು ನೆವವಾಗುವದಿಲ್ಲ.

೫. ನಮ್ಮ ಸ್ವಂತ ಸಭೆಯ ಲೆಕ್ಕ

ನಾವು ಇಲ್ಲಿಯ ತನಕ ಬರೆದದ್ದನ್ನು ಓದಿ, ಆ ದೊಡ್ಡ ಕಂಪನಿಗಳವರು ಎಂಥ ಕಠಿಣ ಹೃದಯದವರು, ಎಂದು ನೀವು ಅಂದುಕೊಂಡಿರಬಹುದು. ನಾಥಾನನು ಹೇಳಿದ ಕುರಿಮರಿಯ ಕಥೆಯನ್ನು ಕೇಳಿ ದಾವೀದನೂ ಹಾಗೆಯೇ ಸಿಟ್ಟುಗೊಂಡನು. ಆ ಮೇಲೆ ಪ್ರವಾದಿಯ ಬೆರಳು ಅವನ ಕಡೆಗೇ ತಿರುಗಿತು. ಆದಕಾರಣ ನಮ್ಮ ಸಭೆಯಲ್ಲಿ ನಡೆದದ್ದನ್ನು ಮರೆಮಾಡದೆ ಹೇಳುತ್ತೇವೆ.

೨೦೨೦ರ ಪುನರುತ್ಥಾನದ ಹಬ್ಬಕ್ಕೆ ಭಾನುವಾರದ ಶಾಲೆಯ ೨೨ ಮಕ್ಕಳಿಗೆ ಒಂದೇ ಬಗೆಯ ಉಡುಪು ಹೊಲಿಸಬೇಕೆಂದು ನಾವು ಹಿರಿಯರೆಲ್ಲರೂ ಕೂಡಿ ಗೊತ್ತುಮಾಡಿದ್ದೆವು. ಊರಿನ ದರ್ಜಿಯವರಿಗೆ ಕೆಲಸವನ್ನು ಒಪ್ಪಿಸಿದೆವು. ಅವರು ವಯಸ್ಸಾದವರು, ನಮ್ಮ ಮತದವರಲ್ಲ. ಆದರೂ ನಮ್ಮ ಮಾತಿನ ಮೇಲೆ ನಂಬಿಕೆಯಿಟ್ಟು, ಮುಂಗಡ ಕೇಳದೆ, ಪೇಟೆಯ ಅಂಗಡಿಯಿಂದ ಅರಿವೆಯನ್ನು ಸಾಲವಾಗಿ ತಂದರು. ಮಾರ್ಚಿ ತಿಂಗಳ ಮೂರನೆಯ ವಾರಕ್ಕೆ ಎಲ್ಲವನ್ನೂ ಹೊಲಿದು ಮುಗಿಸಿದ್ದರು. ಅಷ್ಟರಲ್ಲಿ ದೇಶವೆಲ್ಲಾ ಮುಚ್ಚಲ್ಪಟ್ಟಿತು. ದೇವಾಲಯಕ್ಕೆ ಬೀಗ ಬಿತ್ತು; ಹಬ್ಬದ ಕೂಟವು ನಡೆಯಲಿಲ್ಲ; ಕಾಣಿಕೆಯೂ ಬರಲಿಲ್ಲ.

ಆಗ ನಾವು ಏನಂದೆವು? ಹಬ್ಬವೇ ಆಗಲಿಲ್ಲವಲ್ಲ, ಬಟ್ಟೆ ಈಗ ಯಾಕೆ? ದೇವಾಲಯ ತೆರೆದ ಮೇಲೆ ನೋಡೋಣ, ಎಂದೆವು. ಈ ಮಾತು ಆ ಹೊತ್ತಿಗೆ ನಮಗೆ ಪೂರ್ಣ ನ್ಯಾಯವಾಗಿಯೇ ಕಂಡಿತು. ಸಭೆಯ ಪೆಟ್ಟಿಗೆಯಲ್ಲಿ ಕಟ್ಟಡದ ನಿಧಿಯ ಹಣ ಇತ್ತು; ಅದನ್ನು ಮುಟ್ಟಬೇಕೆಂದು ಯಾರಿಗೂ ತೋಚಲಿಲ್ಲ. ದರ್ಜಿಯವರು ಎರಡು ಸಾರಿ ಬಂದು, ಅಂಗಳದಲ್ಲಿ ದೂರ ನಿಂತು, ಅಯ್ಯನವರೇ, ಬಟ್ಟೆ ತಯಾರಾಗಿದೆ, ಎಂದಷ್ಟೇ ಹೇಳಿ ಹೋದರು. ಹಣದ ಮಾತನ್ನು ಅವರು ಎತ್ತಲಿಲ್ಲ. ನಾವೂ ಎತ್ತಲಿಲ್ಲ.

ಡಿಸೆಂಬರಿನಲ್ಲಿ ಉಡುಪುಗಳನ್ನು ತರಿಸಿ ನೋಡಿದಾಗ ಅರ್ಧ ಮಕ್ಕಳಿಗೆ ಅವು ಗಿಡ್ಡವಾಗಿದ್ದವು. ಒಂಬತ್ತು ತಿಂಗಳಲ್ಲಿ ಮಕ್ಕಳು ಬೆಳೆದಿದ್ದರು. ಆಗ ಒಬ್ಬ ಹಿರಿಯರು, ಗಿಡ್ಡವಾದವುಗಳ ಹಣವನ್ನು ಮುರಿದುಕೊಂಡು ಕೊಟ್ಟರಾದೀತು, ಎಂದರು. ನಾವು ಅದಕ್ಕೂ ತಲೆದೂಗುವವರಾಗಿದ್ದೆವು. ಅಷ್ಟರಲ್ಲಿ ಸ್ತ್ರೀಯರ ಕೂಟದ ಒಬ್ಬ ತಾಯಿ ಎದ್ದು, ಅವರ ಮನೆಯಾಕೆಯ ಕಿವಿಯನ್ನು ನೋಡಿದ್ದೀರಾ, ಎಂದು ಕೇಳಿದರು. ಅರಿವೆಯ ಅಂಗಡಿಯವನು ಸಾಲಕ್ಕೆ ಒತ್ತಾಯ ಮಾಡಿದ್ದರಿಂದ ದರ್ಜಿಯವರು ಮೇ ತಿಂಗಳಲ್ಲಿಯೇ ಹೆಂಡತಿಯ ಓಲೆಗಳನ್ನು ಗಿರವಿ ಇಟ್ಟಿದ್ದರು. ತಿಂಗಳು ತಿಂಗಳು ಅದಕ್ಕೆ ಬಡ್ಡಿ ತೆರುತ್ತಿದ್ದರು. ನಮ್ಮ ಸಭೆಯ ಮಕ್ಕಳ ಅಂಗಿಗಾಗಿ ಆ ತಾಯಿಯ ಕಿವಿ ಬರಿದಾಗಿತ್ತು. ಆ ಒಂಬತ್ತು ತಿಂಗಳೂ ನಾವು ಮನೆಯಲ್ಲಿ ಕೂತು ಪ್ರಾರ್ಥಿಸುತ್ತಿದ್ದೆವು.

ಸಹೋದರರೇ, ಆ ದಿನ ಯಾರೂ ಬಾಯಿತೆರೆಯಲಿಲ್ಲ. ಕಂಪನಿಗಳವರು ಹೇಳಿದ ಮಾತಿಗೂ ನಾವು ಹೇಳಿದ ಮಾತಿಗೂ ಇದ್ದ ವ್ಯತ್ಯಾಸ ಹಣದ ಮೊತ್ತದಲ್ಲಿ ಮಾತ್ರ. ಅವರು, ಅಂಗಡಿ ತೆರೆಯಲಿಲ್ಲ, ಆದ್ದರಿಂದ ಬಟ್ಟೆ ಬೇಡ, ಎಂದರು. ನಾವು, ಹಬ್ಬ ನಡೆಯಲಿಲ್ಲ, ಆದ್ದರಿಂದ ಬಟ್ಟೆ ಈಗ ಬೇಡ, ಎಂದೆವು. ಹೊಲಿಯುವದಕ್ಕೆ ಹೇಳಿದವರು ಅವರೂ ನಾವೂ; ನಷ್ಟವನ್ನು ಹೊತ್ತವರು ಎರಡೂ ಕಡೆ ಹೊಲಿದವರೇ.

ಮರುದಿನ ಕಟ್ಟಡದ ನಿಧಿಯಿಂದ ಹಣ ತೆಗೆದು, ಪೂರ್ಣ ಕೂಲಿಯನ್ನೂ, ಅರಿವೆಯ ಬೆಲೆಯನ್ನೂ, ಗಿರವಿಯ ಬಡ್ಡಿಯನ್ನೂ ಎಣಿಸಿ ಕೊಂಡುಹೋದೆವು. ಜಕ್ಕಾಯನ ಹಾಗೆ ನಾಲ್ಕರಷ್ಟು ಕೊಟ್ಟೆವೆಂದು ಹೇಳಲಾರೆವು. ಕೊಡಬೇಕಾದದ್ದನ್ನು ಕೊಟ್ಟೆವು, ಕ್ಷಮೆ ಕೇಳಿದೆವು. ದರ್ಜಿಯವರು ಬಡ್ಡಿಯ ಹಣವನ್ನು ಮುಟ್ಟಲು ಮೊದಲು ಒಪ್ಪಲಿಲ್ಲ. ಅದು ದಾನವಲ್ಲ, ನಿಮ್ಮದೇ, ಎಂದು ನಾವು ಹೇಳಿದ ಮೇಲೆ ತಕ್ಕೊಂಡರು. ಗಿಡ್ಡವಾದ ಉಡುಪುಗಳ ಅಂಚುಗಳನ್ನು ಬಿಚ್ಚಿ ಉದ್ದಮಾಡಿಕೊಡುತ್ತೇನೆಂದು ತಾವೇ ಹೇಳಿದರು. ಈ ಸಾರಿ ಆ ಕೆಲಸಕ್ಕೆ ಕೂಲಿಯನ್ನು ಅಂದೇ ಸಾಯಂಕಾಲ ಕೊಟ್ಟೆವು.

೬. ನಾವು ಮಾಡತಕ್ಕದ್ದೇನು?

ಮೊದಲನೆಯದು: ಕೂಲಿಯನ್ನು ಅಂದಂದೇ ಕೊಡೋಣ. ಹೊಲದ ಕೆಲಸಕ್ಕೆ ಬಂದವರಿಗೆ, ಮನೆ ಕಟ್ಟಿದವರಿಗೆ, ಬಟ್ಟೆ ಹೊಲಿದವರಿಗೆ, ನಾಳೆ ಬಾ, ಸಂತೆಯಾಗಲಿ, ಬೆಳೆ ಬರಲಿ, ಎಂದು ಹೇಳುವ ವಾಡಿಕೆಯು ನಮ್ಮ ಕ್ರೈಸ್ತ ಮನೆಗಳಲ್ಲಿ ಇರಬಾರದು. ಕಷ್ಟಕಾಲ ಬಂದರೆ ನಾವು ನಮ್ಮ ಖರ್ಚನ್ನು ಮೊದಲು ಕಡಿಮೆ ಮಾಡಬೇಕು, ಕೂಲಿಯವರ ಹಣವನ್ನು ಕಡೆಗೆ.

ಎರಡನೆಯದು: ಉಡುಪಿನ ವಿಷಯದಲ್ಲಿ ಮಿತವಾಗಿರೋಣ. ಅಗ್ಗವೆಂದು ಹತ್ತು ಕೊಂಡು ಆರು ತಿಂಗಳಲ್ಲಿ ಬಿಸಾಡುವದಕ್ಕಿಂತ, ಎರಡು ಕೊಂಡು, ಹರಿದದ್ದನ್ನು ಹೊಲಿದು, ಅಣ್ಣನದನ್ನು ತಮ್ಮನಿಗೆ ಉಡಿಸುವದು ಲೇಸು. ಹಾಗೆಂದು ಕಾರ್ಖಾನೆಯ ಬಟ್ಟೆಯನ್ನೇ ಮುಟ್ಟಬಾರದೆಂದು ನಾವು ಹೇಳುವದಿಲ್ಲ. ಆ ಕೆಲಸದಿಂದಲೇ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಆ ಸಹೋದರಿಯರು ಬೇಡುವದು ಮಾಡಿದ ಕೆಲಸಕ್ಕೆ ಸಲ್ಲತಕ್ಕ ಕೂಲಿಯನ್ನು.

ಮೂರನೆಯದು: ಗಾರ್ಮೆಂಟ್ಸಿಗೆ ಹೋಗುವ ನಮ್ಮ ಹೆಣ್ಣುಮಕ್ಕಳ ಬೆನ್ನ ಹಿಂದೆ ಸಭೆಯು ನಿಲ್ಲಲಿ. ಅವರ ಸಂಬಳದ ಚೀಟಿಯನ್ನು ಓದಿ ತಿಳುಹಿಸುವದಕ್ಕೆ ಲೆಕ್ಕ ಬಲ್ಲ ಒಬ್ಬರನ್ನು ಪ್ರತಿ ಸಭೆಯು ನೇಮಿಸಲಿ. ಪ್ರಾವಿಡೆಂಟ್ ಫಂಡು ಜಮೆಯಾಗುತ್ತದೋ, ಇ.ಎಸ್.ಐ. ಚೀಟಿ ಕೊಟ್ಟಿದ್ದಾರೋ, ತುಟ್ಟಿಭತ್ಯವು ಸೇರಿದೆಯೋ ಎಂದು ನೋಡಲಿ. ಬಾಕಿ ಇದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗುವಾಗ ಹಿರಿಯರಲ್ಲಿ ಒಬ್ಬರು ಜೊತೆಯಲ್ಲಿ ಹೋಗಲಿ. ಕೆಲಸದವರು ಸಂಘವಾಗಿ ಕೂಡಿ ನ್ಯಾಯ ಕೇಳುವದು ದಂಗೆಯಲ್ಲ. ಶ್ರೀರಂಗಪಟ್ಟಣದ ಆ ಸ್ತ್ರೀಯರು ಒಬ್ಬೊಬ್ಬರಾಗಿ ಅತ್ತಿದ್ದರೆ ಯಾರು ಕೇಳುತ್ತಿದ್ದರು?

ನಾಲ್ಕನೆಯದು: ಮಾತಾಡುವದರಿಂದ ಪ್ರಯೋಜನವಿಲ್ಲವೆಂದು ಧೈರ್ಯಗೆಡಬಾರದು. ೨೦೨೦ರಲ್ಲಿ, ಕೊಡಬೇಕಾದ ಹಣವನ್ನು ಕೊಡಿರಿ, ಎಂದು ಅನೇಕ ದೇಶಗಳ ಜನರು ಆ ಕಂಪನಿಗಳನ್ನು ಬಹಿರಂಗವಾಗಿ ಕೇಳತೊಡಗಿದರು. ಕೆಲವು ಕಂಪನಿಗಳು ಮೊದಲೇ ಒಪ್ಪಿಕೊಂಡವು. ಬೇರೆ ಹಲವು ಈ ಕೇಳಿಕೆಯ ಮೇಲೆ ತಮ್ಮ ಮೊದಲಿನ ತೀರ್ಮಾನವನ್ನು ಬದಲಾಯಿಸಿ, ಹೊಲಿದು ಮುಗಿಸಿದ ಮಾಲಿಗೆ ಪೂರ್ಣ ಬೆಲೆ ಕೊಡುತ್ತೇವೆಂದವು. ಎಲ್ಲರೂ ಕೊಡಲಿಲ್ಲ, ಕಳೆದುಹೋದ ಸಂಬಳವೆಲ್ಲಾ ಹೊಲಿದವರ ಕೈಗೆ ತಿರಿಗಿ ಬರಲಿಲ್ಲ. ಆದರೂ ಕೇಳಿದ್ದರಿಂದ ಬಂದದ್ದು ಸ್ವಲ್ಪವಲ್ಲ.

ಕೂಲಿ ಕಳಕೊಂಡು ಈ ಪತ್ರಿಕೆಯನ್ನು ಓದುತ್ತಿರುವ ತಂಗಿಯೇ, ನಿನಗೂ ಒಂದು ಮಾತು. ಮೊದಲನೆಯ ಸಾರಿ ಮನುಷ್ಯರಿಗೆ ಉಡುಪನ್ನು ಮಾಡಿ ಉಡಿಸಿದಾತನು ಯೆಹೋವನೇ ಎಂದು ಆದಿಕಾಂಡದ ಮೂರನೆಯ ಅಧ್ಯಾಯವು ಹೇಳುತ್ತದೆ. ಬೆತ್ತಲೆಯಾಗಿ ನಾಚಿಕೊಂಡವರ ಮೈ ಮುಚ್ಚುವ ಕೆಲಸವನ್ನು ಆತನು ಹೀನವೆಂದು ಎಣಿಸಲಿಲ್ಲ. ನೀನು ದಿನವೆಲ್ಲಾ ಯಂತ್ರದ ಮುಂದೆ ಬಗ್ಗಿ ಮಾಡುವದೂ ಅದೇ ಕೆಲಸ. ನಿನ್ನ ಹೆಸರು ಅಂಗಿಯ ಪಟ್ಟಿಯ ಮೇಲೆ ಇಲ್ಲದಿದ್ದರೂ ಆತನಿಗೆ ತಿಳಿದದೆ. ನಿನ್ನ ಕೂಲಿಗೋಸ್ಕರ ನೀನು ಕೇಳುವದು ದುರಾಶೆಯಲ್ಲ. ಅದು ಆತನೇ ಕೊಟ್ಟ ಆಜ್ಞೆ.

ಪ್ರಿಯರೇ, ಈ ಭಾನುವಾರ ದೇವಾಲಯಕ್ಕೆ ಹೋಗುವ ಮುಂಚೆ ಮಡಿ ಬಟ್ಟೆಯನ್ನು ಉಟ್ಟುಕೊಳ್ಳುವಾಗ ಒಂದು ಗಳಿಗೆ ಆ ಹೊಲಿಗೆಯನ್ನು ನೋಡಿರಿ. ಇದನ್ನು ಹೊಲಿದವಳಿಗೆ ಕೂಲಿ ಸಂದಿದೆಯೋ ಎಂದು ಕೇಳಿಕೊಳ್ಳಿರಿ. ಆ ಮೇಲೆ, ನಾವು ಯಾರಿಗೆ ಕೊಡಬೇಕಾದದ್ದನ್ನು ಕೊಡದೆ ಇಟ್ಟುಕೊಂಡಿದ್ದೇವೆ, ಎಂದೂ ಕೇಳಿಕೊಳ್ಳಿರಿ. ಕೊಡತಕ್ಕದ್ದು ಇದ್ದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ, ಮೊದಲು ಕೊಟ್ಟು ಬನ್ನಿರಿ. ಹೊತ್ತು ಇನ್ನೂ ಮುಣುಗಿಲ್ಲ.

ಪ್ರಾರ್ಥನೆ: ಬಡವರ ಕೂಗನ್ನು ಕೇಳುವ ಕರ್ತನೇ, ಹತ್ತಿರದಲ್ಲಿಯೂ ದೂರದಲ್ಲಿಯೂ ನಮಗೋಸ್ಕರ ಹೊಲಿದು ದುಡಿಯುವ ಎಲ್ಲರನ್ನೂ ಕನಿಕರಿಸು. ಅವರ ಕೂಲಿಯನ್ನು ತಡೆದವರ ಮನಸ್ಸನ್ನು ತಿರುಗಿಸು. ನಮ್ಮ ಕೈಯಲ್ಲಿ ಇತರರದು ಏನಾದರೂ ಉಳಿದಿದ್ದರೆ ಅದನ್ನು ನಮಗೆ ತೋರಿಸು. ಹೊತ್ತು ಮುಣುಗುವದರೊಳಗೆ ಅದನ್ನು ತಿರಿಗಿ ಕೊಡುವ ಮನಸ್ಸನ್ನು ಕೊಡು. ನಮ್ಮ ನಿಮಿತ್ತ ಬಟ್ಟೆಯನ್ನೂ ಕಿತ್ತುಕೊಳ್ಳಲ್ಪಟ್ಟು ಶಿಲುಬೆಯ ಮೇಲೆ ತೂಗಿದ ಯೇಸುವಿನ ಹೆಸರಿನಲ್ಲಿ ಬೇಡಿಕೊಳ್ಳುತ್ತೇವೆ. ಆಮೆನ್.